ಎಲ್ಲರ ನಾಲಿಗೆಗೂ ಒಂದೇ ಮೇಯೊನೇಸ್ ಒಗ್ಗುವುದಿಲ್ಲ

ಗೆಳೆಯರು ಊಟಕ್ಕೆ ಕೂಡಿದಾಗ ಸಲಾಡಿನ ಬಗ್ಗೆ ಏಳುವಷ್ಟು ತಕರಾರು ಉಳಿದ ಯಾವ ಅಡುಗೆಯ ಬಗ್ಗೆಯೂ ಏಳುವುದಿಲ್ಲವೆಂಬುದನ್ನು ಹಲವು ವರ್ಷ ಬಡಿಸಿದ ಮೇಲೆ ಕಂಡುಕೊಂಡಿದ್ದೇನೆ. ಒಬ್ಬರಿಗೆ ಗಟ್ಟಿ ಮೇಯೊನೇಸ್ ಬೇಕು, ಇನ್ನೊಬ್ಬರಿಗೆ ಅದರ ಜಿಡ್ಡು ಸೇರದು, ಮತ್ತೊಬ್ಬರು ಸಿಹಿಯಿಲ್ಲದಿದ್ದರೆ ಮುಟ್ಟುವುದೇ ಇಲ್ಲ. ಈ ಮೂರನೆಯವರು ಬಯಸುವುದು ಎಷ್ಟೋ ಸಲ ಮೇಯೊನೇಸ್ ಆಗಿರುವುದೇ ಇಲ್ಲ. ಅದು 1933ರಲ್ಲಿ ಅಮೆರಿಕದಲ್ಲಿ ಮಾರಾಟಕ್ಕೆ ಬಂದ ಮಿರಾಕಲ್ ವಿಪ್‌ನಂತಹ, ಎಣ್ಣೆ ಕಡಿಮೆಯಿದ್ದು ಸಕ್ಕರೆ ಬೆರೆತ ಡ್ರೆಸಿಂಗ್. ಆದ್ದರಿಂದ ವಾದಕ್ಕಿಳಿಯುವ ಮೊದಲು ಶೀಶೆಯ ಮೇಲಿನ ಚೀಟಿಯನ್ನು ಓದಿ ನೋಡುವುದು ಒಳ್ಳೆಯದು.

ಎಲ್ಲರನ್ನೂ ಒಂದೇ ಬಟ್ಟಲಿನಿಂದ ತೃಪ್ತಿಪಡಿಸುವ ಹಟವನ್ನು ನಾನು ಬಿಟ್ಟಿದ್ದೇನೆ. ಸಪ್ಪೆಯಾದ ಮೂಲ ಮೇಯೊನೇಸ್ ಒಂದನ್ನು ಮಾಡಿ ಪಾಲು ಮಾಡಿಕೊಳ್ಳುವುದೇ ಸುಲಭ. ಫ್ರಿಜ್ಜಿನಿಂದ ಮೊದಲೇ ತೆಗೆದಿಟ್ಟ ಮೊಟ್ಟೆಯ ಒಂದು ಹಳದಿಗೆ ಒಂದು ಚಮಚ ಅರೆದ ಸಾಸಿವೆ, ಒಂದು ಚಮಚ ವಿನೆಗರ್, ಚಿಟಿಕೆ ಉಪ್ಪು ಬೆರೆಸಿ, ವಾಸನೆಯಿಲ್ಲದ 150 ಮಿ.ಲೀ. ಎಣ್ಣೆಯನ್ನು ಮೊದಲು ಹನಿಹನಿಯಾಗಿ, ಮಿಶ್ರಣ ದಪ್ಪವಾದ ಮೇಲೆ ಸಣ್ಣ ಧಾರೆಯಾಗಿ ಸುರಿಯುತ್ತ ಕಡೆಯಬೇಕು. ಹಳದಿಯಲ್ಲಿರುವ ಲೆಸಿಥಿನ್ ಎಣ್ಣೆಯ ಕಣಗಳನ್ನು ನೀರಿನಂಶದಲ್ಲಿ ಹಿಡಿದಿಡುತ್ತದೆ. ಅವಸರಪಟ್ಟರೆ ಎಣ್ಣೆ ಬೇರೆಯಾಗಿ ಒಡೆಯುತ್ತದೆ. ಒಡೆದರೆ ಚೆಲ್ಲಬೇಡಿ, ಬೇರೆ ಬಟ್ಟಲಿನಲ್ಲಿ ಹೊಸ ಹಳದಿಯೊಂದನ್ನು ಹಾಕಿ, ಒಡೆದುದನ್ನು ಅದಕ್ಕೆ ಸ್ವಲ್ಪಸ್ವಲ್ಪವಾಗಿ ಸೇರಿಸುತ್ತ ಕಡೆದರೆ ಮತ್ತೆ ಕೂಡಿಕೊಳ್ಳುತ್ತದೆ. (ಕಡು ಘಮದ ಆಲಿವ್ ಎಣ್ಣೆಯನ್ನು ಮಿಕ್ಸಿಗೆ ಹಾಕಿ ಕಹಿ ಮಾಡಿಕೊಂಡವರಲ್ಲಿ ನಾನೂ ಒಬ್ಬಳು.)

ಒಂದು ಪಾಲನ್ನು ಹಾಗೆಯೇ ಬಿಟ್ಟು, ಜಿಡ್ಡು ಒಲ್ಲದವರ ಪಾಲಿಗೆ ಅಷ್ಟೇ ಪ್ರಮಾಣದ ಗಟ್ಟಿ ಮೊಸರನ್ನೂ, ಸಿಹಿ ಬಯಸುವವರ ಪಾಲಿಗೆ ಸಕ್ಕರೆ ಮತ್ತು ಇನ್ನಷ್ಟು ವಿನೆಗರನ್ನೂ ಬೆರೆಸಿದರಾಯಿತು. ಮೊಟ್ಟೆ ತಿನ್ನದವರಿಗಾಗಿ 100 ಮಿ.ಲೀ. ತಣ್ಣನೆಯ ಹಾಲಿಗೆ 200 ಮಿ.ಲೀ. ಎಣ್ಣೆ ಸೇರಿಸಿ ಮಿಕ್ಸಿಯಲ್ಲಿ ತಿರುಗಿಸಿ, ದಪ್ಪವಾದ ಮೇಲೆ ನಿಂಬೆರಸ ಹಿಂಡಬಹುದು. ಅದಕ್ಕೆ ಚಮಚ ಮಾತ್ರ ಬೇರೆಯೇ ಇರಲಿ. ಇದಾವುದೂ ಬೇಡವೆನ್ನುವವರಿಗೆ ಒಂದು ಪಾಲು ವಿನೆಗರಿಗೆ ಮೂರು ಪಾಲು ಎಣ್ಣೆಯ ತೆಳು ಡ್ರೆಸಿಂಗ್ ಸಾಕು. ಉಪ್ಪು ಎಣ್ಣೆಯಲ್ಲಿ ಕರಗದಾದ್ದರಿಂದ ಅದನ್ನು ಮೊದಲೇ ವಿನೆಗರಿನಲ್ಲಿ ಕರಗಿಸಿಕೊಳ್ಳಬೇಕು.

ಸೊಪ್ಪನ್ನು ತೊಳೆದು, ನೀರು ಪೂರ್ತಿ ಆರಿಸಿ, ಏನನ್ನೂ ಕಲಸದೆ ಬಡಿಸಿರಿ. ಬಟ್ಟಲುಗಳು ಪಕ್ಕದಲ್ಲಿರಲಿ, ಅವರವರೇ ಕಲಸಿಕೊಳ್ಳಲಿ. ಹಸಿ ಮೊಟ್ಟೆಯಿಂದ ಸಾಲ್ಮೊನೆಲ್ಲಾ ಸೋಂಕು ತಗಲಬಹುದಾದ್ದರಿಂದ ಗರ್ಭಿಣಿಯರಿಗೂ ಚಿಕ್ಕ ಮಕ್ಕಳಿಗೂ ವಯಸ್ಸಾದವರಿಗೂ ಹಾಲಿನದನ್ನೇ ಕೊಡಿ. ಎರಡು ಗಂಟೆಗಿಂತ ಹೆಚ್ಚು ಹೊರಗಿದ್ದ ಬಟ್ಟಲನ್ನು, ಎಷ್ಟೇ ಉಳಿದಿದ್ದರೂ, ಮರಳಿ ಫ್ರಿಜ್ಜಿಗೆ ಸೇರಿಸಬೇಡಿ.