ಕರಾರು ಮುರಿಸಿದ ಮೂರನೆಯವರ ಮೇಲೆ ದಾವೆ: ಕಲಬುರಗಿ ವಕೀಲಿಯ ಅನುಭವ

ಬಯಾನಾ (ಮುಂಗಡ ಹಣ) ತೆಗೆದುಕೊಂಡು ಮಾಲನ್ನು ಬೇರೆಯವರಿಗೆ ಕೊಟ್ಟವನ ಮೇಲೆ ದಾವೆ ಹಾಕಲು ಮೂರು ವರ್ಷ ಇರುತ್ತದೆ. ಅವನನ್ನು ಎತ್ತಿಕಟ್ಟಿ ಕರಾರು ಮುರಿಸಿದವನ ಮೇಲೆ ಪರಿಹಾರ ಕೇಳಲು ಇರುವುದು ಒಂದೇ ವರ್ಷ. ದಾವೆಗಳ ಗಡುವು ಹೇಳುವ 1963ರ ಲಿಮಿಟೇಶನ್ ಕಾಯ್ದೆಯ 78ನೇ ಆರ್ಟಿಕಲ್ ಇದಕ್ಕೆಂದೇ ಇದೆ, ಲೆಕ್ಕ ಶುರುವಾಗುವುದು ಕರಾರು ಮುರಿದ ದಿನದಿಂದ. ಲೀಗಲ್ ನೋಟಿಸ್ ಕೊಟ್ಟರೆ, ಹಿರಿಯರನ್ನು ಕೂಡಿಸಿ ಮಾತಾಡಿದರೆ ಈ ಅವಧಿ ಒಂದು ದಿನವೂ ಬೆಳೆಯುವುದಿಲ್ಲ. ಗಂಜ್, ಅಂದರೆ ಧಾನ್ಯ ಮಾರುಕಟ್ಟೆಯ ವ್ಯವಹಾರದಲ್ಲಿ ಮಾತುಕತೆಯಲ್ಲೇ ಸುಗ್ಗಿಯಿಂದ ಸುಗ್ಗಿ ಕಳೆಯುವುದು ರೂಢಿ. ಹಾಗಾಗಿ ಕಾಗದ ಕೈಗೆ ಬಂದ ಕೂಡಲೇ ನಾನು ತಾರೀಖು ಬರೆದಿಟ್ಟುಕೊಳ್ಳುತ್ತೇನೆ: ಮಾಲು ಕೊಡಬೇಕಿದ್ದ ದಿನ ಯಾವುದು, ‘ಕೊಡುವುದಿಲ್ಲ’ ಎಂದು ಅದಕ್ಕೂ ಮೊದಲೇ ಹೇಳಿದ್ದಾರಾ. ಎರಡರಲ್ಲಿ ಹಿಂದಿನದನ್ನು ಹಿಡಿದೇ ವರ್ಷ ಎಣಿಸುವುದು ಕ್ಷೇಮ.

ಈ ಹಕ್ಕಿನ ಬೇರು 1853ರ ಲಂಡನ್ನಿನ ಲಮ್ಲಿ ಮತ್ತು ಗೈ ಮೊಕದ್ದಮೆಯಲ್ಲಿದೆ. ಒಂದು ರಂಗಮಂದಿರಕ್ಕೆ ಹಾಡಲು ಒಪ್ಪಿದ್ದ ಗಾಯಕಿಯನ್ನು ಇನ್ನೊಂದು ರಂಗಮಂದಿರದವರು ಹೆಚ್ಚು ಹಣ ತೋರಿಸಿ ಸೆಳೆದ ಪ್ರಕರಣ ಅದು. ಗಾಯಕಿಯ ಜಾಗದಲ್ಲಿ ತೊಗರಿ ಇಟ್ಟರೆ ನಮ್ಮೂರಿನ ಕಥೆಯೇ.

ದಾಲ್ ಮಿಲ್ಲಿನವರೊಬ್ಬರು 500 ಕ್ವಿಂಟಲ್ ತೊಗರಿಯನ್ನು ಕ್ವಿಂಟಲಿಗೆ 7,000 ರೂಪಾಯಿಯಂತೆ ಕರಾರು ಮಾಡಿಕೊಂಡರು ಎಂದುಕೊಳ್ಳಿ. ದರ 8,200ಕ್ಕೆ ಏರಿತು, ಮಾಲು ಇನ್ನೊಬ್ಬ ಖರೀದಿದಾರನ ಗೋದಾಮು ಸೇರಿತು. ಕೇಸು ಸೋಲುವುದು ಬಹುತೇಕ ಒಂದೇ ಕಡೆ: ಆ ಖರೀದಿದಾರನಿಗೆ ನಿಮ್ಮ ಕರಾರು ಗೊತ್ತಿತ್ತು ಎಂದು ತೋರಿಸಲಾಗುವುದಿಲ್ಲ. ‘ಗಂಜಿಗೆಲ್ಲ ಗೊತ್ತಿತ್ತು ರೀ’ ಎಂಬುದು ಸಾಕ್ಷ್ಯವಲ್ಲ. ಗೊತ್ತಿತ್ತು, ಅಥವಾ ಅನುಮಾನ ಬಂದರೂ ಬೇಕೆಂದೇ ಕಣ್ಣು ಮುಚ್ಚಿಕೊಂಡ ಎಂದು ತೋರಿಸಬೇಕು. ವಿಚಾರಿಸದೆ ಕೊಂಡ ಎಂಬ ಬರಿಯ ಅಜಾಗರೂಕತೆ ಸಾಲದು. ಮಾರುವವನೇ ಮೊದಲು ಕರಾರು ಬಿಟ್ಟು ಗಿರಾಕಿ ಹುಡುಕಿಕೊಂಡು ಹೋಗಿದ್ದರೂ ಎತ್ತಿಕಟ್ಟಿದ ಮಾತು ನಿಲ್ಲುವುದು ಕಷ್ಟ.

ಅದಕ್ಕೇ ಮಾಲು ಕೈಬಿಡುವ ಸುಳಿವು ಸಿಕ್ಕ ದಿನವೇ ಮೂರನೆಯವನಿಗೆ ನೇರ ನೋಟಿಸ್ ಕಳಿಸುತ್ತೇನೆ. ಅದರಲ್ಲಿ ಕರಾರಿನ ತಾರೀಖು, ಪ್ರಮಾಣ, ಮಾಲು ಕೊಡಬೇಕಾದ ದಿನ ಇರುತ್ತವೆ. ಸಹಿ ಇರುವ ಪುಟದ ನಕಲು ಲಗತ್ತಾಗಿರುತ್ತದೆ. ಸ್ಪೀಡ್ ಪೋಸ್ಟಿನ ಜೊತೆಗೆ ವಾಟ್ಸಾಪಿಗೂ ಹೋಗುತ್ತದೆ. ಬೈಗುಳ, ಬೆದರಿಕೆ ಬೇಡ, ಅರ್ಧ ಪುಟ ಸಾಕು. ನೋಟಿಸ್ ಮುಟ್ಟಿದ ಮೇಲೂ ಲಾರಿ ತುಂಬಿಸಿದರೆ ‘ನನಗೆ ಗೊತ್ತಿರಲಿಲ್ಲ’ ಎಂಬ ಬಾಗಿಲು ಮುಚ್ಚಿತು. ಮಾಲು ಆಗಲೇ ಹೋಗಿದ್ದರೆ ನೋಟಿಸಿಗೆ ಈ ಬಲ ಇರುವುದಿಲ್ಲ. ಆಗ ಹಿಂದಿನ ಸಂದೇಶ, ಇಬ್ಬರಿಗೂ ಸಾಮಾನ್ಯನಾದ ದಲಾಲಿಯ ಸಾಕ್ಷಿ, ‘ಕೋರ್ಟು ಖರ್ಚು ನಾನು ನೋಡಿಕೊಳ್ಳುತ್ತೇನೆ’ ಎಂದು ಆ ಖರೀದಿದಾರ ಮಾರುವವನಿಗೆ ಹೇಳಿದಂಥ ಮಾತು ಹುಡುಕಬೇಕು. ಈ ಕೊನೆಯದು ಸಿಕ್ಕರೆ ಅರ್ಧ ಕೇಸು ಗೆದ್ದಂತೆ, ಯಾಕೆಂದರೆ ಕರಾರು ಗೊತ್ತಿಲ್ಲದವನು ಕೋರ್ಟಿನ ಮಾತೇ ಎತ್ತುವುದಿಲ್ಲ.

ವಾಟ್ಸಾಪ್ ಸ್ಕ್ರೀನ್‌ಶಾಟ್ ಮುದ್ರಿಸಿ ತಂದರೆ ಆಗುವುದಿಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಕಾರ ಪ್ರಮಾಣಪತ್ರ ಬೇಕು. ಅದರ ‘ಎ’ ಭಾಗವನ್ನು ಕಕ್ಷಿದಾರರು, ‘ಬಿ’ ಭಾಗವನ್ನು ತಜ್ಞರು ತುಂಬಬೇಕು, ಹ್ಯಾಶ್ ಮೌಲ್ಯವನ್ನೂ (ಕಡತ ಬದಲಾಗಿಲ್ಲ ಎಂದು ತೋರಿಸುವ ಅಂಕಿ-ಅಕ್ಷರಗಳ ಗುರುತು) ಬರೆಯಬೇಕು. ಮೂಲ ಫೋನನ್ನು ಮಾರಬೇಡಿ, ರೀಸೆಟ್ ಮಾಡಬೇಡಿ. ಮಾಲು ಎಲ್ಲಿಗೆ ಹೋಯಿತು ಎಂಬುದಕ್ಕೆ ಕಾಟಾ (ತೂಕದ) ಚೀಟಿ, ಲಾರಿ ಬಿಲ್ಟಿ (ಸಾಗಣೆ ರಸೀದಿ) ಬೇಕು. ಅವು ಬೇರೆಯವರ ಹತ್ತಿರ ಇರುವುದರಿಂದ ಸಿವಿಲ್ ಪ್ರಕ್ರಿಯಾ ಸಂಹಿತೆಯ (ಸಿಪಿಸಿ) ಆರ್ಡರ್ 16, ರೂಲ್ 6ರ ಕೆಳಗೆ ದಾಖಲೆ ಹಾಜರುಪಡಿಸಲು ಸಮನ್ಸ್ ಕೇಳುತ್ತೇನೆ.

ಕರಾರಿನ ಕಾಗದವೇ ಮುಗ್ಗರಿಸುವುದೂ ಉಂಟು. ಬೆಲೆ ಸಾಲದ ಬಾಂಡ್ ಪೇಪರಿನಲ್ಲಿ ಬರೆದದ್ದನ್ನು 1957ರ ಕರ್ನಾಟಕ ಸ್ಟಾಂಪ್ ಕಾಯ್ದೆಯ 34ನೇ ಕಲಂ ಸಾಕ್ಷ್ಯಕ್ಕೆ ಬಿಡುವುದಿಲ್ಲ. ಕೊರತೆಯನ್ನೂ ಅದರ ಹತ್ತು ಪಟ್ಟು ದಂಡವನ್ನೂ ಕಟ್ಟಬೇಕಾಗುತ್ತದೆ. ನಾನು ಮೊದಲೇ ಕಟ್ಟಿಸಿಬಿಡುತ್ತೇನೆ. ಸಾಕ್ಷಿ ಕಟ್ಟೆಯಲ್ಲಿ ಆ ತಕರಾರು ಎದ್ದರೆ ವಾಯಿದೆ ಮೇಲೆ ವಾಯಿದೆ.

ಪರಿಹಾರದ ಲೆಕ್ಕ ಸುಲಭ: ಕರಾರಿನ ದರಕ್ಕೂ ಮುರಿದ ದಿನದ ಮಾರುಕಟ್ಟೆ ದರಕ್ಕೂ ಇರುವ ವ್ಯತ್ಯಾಸ 1,200, ಅದನ್ನು 500ರಿಂದ ಗುಣಿಸಿದರೆ ಆರು ಲಕ್ಷ. ಆ ದಿನದ ದರಕ್ಕೆ ಎಪಿಎಂಸಿಯ ದೃಢೀಕೃತ ಪಟ್ಟಿ ತರಬೇಕು, ಪತ್ರಿಕೆಯ ತುಣುಕು ಸಾಲದು. ಮಾರಿದವನನ್ನೂ ಮುರಿಸಿದವನನ್ನೂ ಒಂದೇ ವಾದಪತ್ರದಲ್ಲಿ ಪ್ರತಿವಾದಿಗಳಾಗಿ ಸೇರಿಸುತ್ತೇನೆ, ಆದರೆ ಒಂದೇ ನಷ್ಟ ಇಬ್ಬರಿಂದ ಎರಡು ಸಲ ವಸೂಲಾಗದು. ವ್ಯಾಪಾರಿಗಳ ನಡುವಿನ ವಾಣಿಜ್ಯ ವ್ಯಾಜ್ಯವಾಗಿ ಮೌಲ್ಯ ಮೂರು ಲಕ್ಷಕ್ಕೆ ಕಡಿಮೆಯಿಲ್ಲದಿದ್ದರೆ ವಾಣಿಜ್ಯ ನ್ಯಾಯಾಲಯಗಳ ಕಾಯ್ದೆಯ 12ಎ ಪ್ರಕಾರ, ತುರ್ತು ಮಧ್ಯಂತರ ಆದೇಶ ಕೇಳದ ದಾವೆಯಾದರೆ, ಮೊದಲು ಮಧ್ಯಸ್ಥಿಕೆಗೆ ಹೋಗಬೇಕು. ಹೋಗದೆ ಹಾಕಿದ ದಾವೆ ತಿರಸ್ಕೃತವಾಗುತ್ತದೆ ಎಂದು 2022ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಈ ಮಧ್ಯಸ್ಥಿಕೆಯ ದಿನಗಳು ಮಾತ್ರ ಆ ಒಂದು ವರ್ಷದ ಎಣಿಕೆಗೆ ಸೇರುವುದಿಲ್ಲ.

ತಡೆಯಾಜ್ಞೆ ಎಲ್ಲರೂ ಕೇಳುತ್ತಾರೆ. ತೊಗರಿಯಂಥ ಮಾಲಿಗೆ ಸಿಗುವುದು ಅಪರೂಪ, ಹಣದಿಂದ ನಷ್ಟ ತುಂಬಬಹುದು ಎನ್ನುತ್ತದೆ ಕೋರ್ಟು. ಎದುರಿನವರನ್ನು ಕೇಳದೆಯೇ ಸಿಕ್ಕಿತೆನ್ನಿ, ಕಾಗದಗಳ ಪ್ರತಿಯನ್ನು ಅವರಿಗೆ ತಲುಪಿಸಿ ಅಥವಾ ರವಾನಿಸಿ, ಅದೇ ದಿನ ಇಲ್ಲವೇ ಮರುದಿನ ಅಫಿಡವಿಟ್ ಹಾಕಲೇಬೇಕು. ಜಮೀನಿನ ಅಗ್ರಿಮೆಂಟಾದರೆ ದಾರಿಯೇ ಬೇರೆ: ಅಗ್ರಿಮೆಂಟ್ ಗೊತ್ತಿದ್ದೂ ಕೊಂಡವನನ್ನು ನಿರ್ದಿಷ್ಟ ಪರಿಹಾರ ಕಾಯ್ದೆಯ 19(ಬಿ) ಅಡಿ ಸೇರಿಸಿ ಖರೀದಿಪತ್ರವನ್ನೇ ಕೇಳಬಹುದು.

ಬೀದರ್ ಕಡೆಯಿಂದ ಇನ್ನೊಂದು ಬಗೆ ಬರುತ್ತದೆ: ಮುಂಗಡ ಕೊಟ್ಟ ಕಬ್ಬು ಕಡಿಯುವ ಗ್ಯಾಂಗನ್ನು ಬೇರೆಯವರು ಕರೆದೊಯ್ದರು ಎಂದು. ಇಲ್ಲಿ ಎಚ್ಚರ ಬೇಕು. ಮುಂಗಡದ ಹೆಸರಲ್ಲಿ ಕೂಲಿಯವರನ್ನು ಕಟ್ಟಿಹಾಕಿದ್ದು ಎಂದಾದರೆ 1976ರ ಜೀತ ಪದ್ಧತಿ ರದ್ದತಿ ಕಾಯ್ದೆಯಲ್ಲಿ ಆ ಸಾಲವೇ ಇಲ್ಲವಾಗುತ್ತದೆ, ವಸೂಲಿಗೆ ದಾವೆಯೂ ನಡೆಯದು, ಮುಂಗಡ ಕೊಟ್ಟವರ ಮೇಲೆಯೇ ಕ್ರಿಮಿನಲ್ ಕೇಸು ಬೀಳಬಹುದು. ಅಂಥ ದಾವೆ ನಾನು ಬರೆಯುವುದಿಲ್ಲ. ಟ್ರ್ಯಾಕ್ಟರ್ ಮಾಲೀಕರ ಜೊತೆ ಪ್ರತ್ಯೇಕ ಸಾಗಣೆ ಕರಾರು ಇದ್ದರೆ ಅದಷ್ಟನ್ನೇ ತನ್ನಿ ಎನ್ನುತ್ತೇನೆ.