ಮೆಕ್ಕೆಜೋಳಕ್ಕೆ ಹುಳ ಬೀಳುವುದನ್ನು ನಿಲ್ಲಿಸಿದ್ದು ಹೀಗೆ

ಕೆಲಸದ ಮೇಲೆ ಟಾಂಜಾನಿಯಾದ ಮೊರೊಗೊರೊ ಕಡೆ ಇದ್ದೇನೆ. ನೆರೆಮನೆಯ ರೈತರೊಂದಿಗೆ ಸೇರಿ ಬೆಳೆದ ಮೆಕ್ಕೆಜೋಳ ಚೀಲದಲ್ಲೇ ಹಿಟ್ಟಾಗುತ್ತಿತ್ತು. ಕಾಳಿನ ತುಂಬ ತೂತು, ಬೆರಳಲ್ಲಿ ಒತ್ತಿದರೆ ಪುಡಿ. ಇಲ್ಲಿನವರು ದುಮುಜಿ ಎನ್ನುವ ಈ ಕೊರಕ ಹುಳ ಮಧ್ಯ ಅಮೆರಿಕದ್ದು, 1980ರ ಆಸುಪಾಸಿನಲ್ಲಿ ಆಫ್ರಿಕಾಕ್ಕೆ ಬಂದಿದ್ದು. ವರ್ಷದ ಊಟವನ್ನೇ ತಿಂದುಹಾಕುತ್ತದೆ, ನೋಡಿದರೆ ಹೊಟ್ಟೆ ಉರಿಯುತ್ತದೆ.

ಪರಿಹಾರ ಸಿಕ್ಕಿದ್ದು ಮೂರು ಪದರದ ಪಿಕ್ಸ್ ಚೀಲದಲ್ಲಿ: ಒಳಗೆ ಎರಡು ದಪ್ಪ ಪ್ಲಾಸ್ಟಿಕ್ ಚೀಲ, ಹೊರಗೆ ನೇಯ್ದದ್ದು. ಗಾಳಿಯಾಡದ ಕಡೆ ಹುಳ ಉಸಿರಾಡಿ ಆಮ್ಲಜನಕ ಮುಗಿಸಿ ತಾನೇ ಸಾಯುತ್ತದೆ, ಔಷಧಿ ಬೇಡ.

ಆದರೆ ಒಣಗಿಸುವುದೇ ಮುಖ್ಯ. ತೇವಾಂಶ ಶೇ. 13ರ ಆಸುಪಾಸಿಗೆ ಇಳಿಯಬೇಕು, ಇಲ್ಲದಿದ್ದರೆ ಬೂಷ್ಟು ಹಿಡಿದು ಅಫ್ಲಾಟಾಕ್ಸಿನ್ ವಿಷ ಸೇರುವ ಅಪಾಯವಿದೆ. ಟಾರ್ಪಾಲಿನ ಮೇಲೆ ಒಣಗಿಸಿದೆವು. ಒಣಗಿದ ಗಾಜಿನ ಬಾಟಲಿಗೆ ಕಾಳು, ಒಂದಿಷ್ಟು ಒಣ ಉಪ್ಪು ಹಾಕಿ ಚೆನ್ನಾಗಿ ಕುಲುಕಿ, ಸ್ವಲ್ಪ ಹೊತ್ತು ಬಿಟ್ಟು ನೋಡಿದೆವು. ಉಪ್ಪು ಗಾಜಿಗೆ ಅಂಟಿದರೆ ಮತ್ತೆ ಬಿಸಿಲಿಗೆ.

ಗಾಳಿ ಹೊರದಬ್ಬಿ, ಒಂದೊಂದು ಪದರದ ಬಾಯಿಯನ್ನೂ ಬೇರೆಬೇರೆ ತಿರುಚಿ ಬಿಗಿಯಾಗಿ ಕಟ್ಟಿ, ಗೋಡೆಯಿಂದ ದೂರ, ಹಲಗೆ ಮೇಲಿಟ್ಟೆವು. ಪದೇಪದೇ ಬಿಚ್ಚಲಿಲ್ಲ. ಮಳೆಗಾಲ ಕಳೆದು ತೆಗೆದಾಗ ಕಾಳು ಗಟ್ಟಿಯಾಗಿಯೇ ಇತ್ತು. ದರ ಏರಿದ ಮೇಲೆ ಮಾರಿದರು. ತೂತು ಬೀಳದಿದ್ದರೆ ಅದೇ ಚೀಲ ಮುಂದಿನ ಸುಗ್ಗಿಗೂ ಬರುತ್ತದೆ, ಇಲಿಯಿಂದ ಮಾತ್ರ ಕಾಪಾಡಿ.