ಎಡಪುಟದಲ್ಲಿ ಅಂದಾಜು, ಬಲಪುಟದಲ್ಲಿ ನಡೆದದ್ದು

ಹುಬ್ಬಳ್ಳಿಯಲ್ಲಿ ನಮ್ಮದೊಂದು ಸಣ್ಣ ಘಟಕವಿದೆ. ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಅಗಸೆ ಚಟ್ನಿ, ಗುರೆಳ್ಳು ಚಟ್ನಿ, ಮಸಾಲೆ ಖಾರ ಮಾಡಿ ಮಾರುತ್ತೇವೆ. ಶ್ರಾವಣ ಬಂದರೆ ಉಂಡಿಗಳೂ ಸೇರುತ್ತವೆ. ಮನೆಯ ಹಿತ್ತಲಿನಲ್ಲಿ ಶುರುವಾದ ಕೆಲಸ ಈಗ ಬಾಡಿಗೆ ಶೆಡ್ಡಿಗೆ ಬಂದಿದೆ. ಓಣಿಯ ಅಂಗಡಿಗೆ ಹೋಗುತ್ತಿದ್ದ ಸರಕು ಬೆಂಗಳೂರು, ಪುಣೆಯ ತನಕ ಹೋಗುತ್ತಿದೆ. ವ್ಯಾಪಾರ ಬೆಳೆಸಿದ್ದು ಹೇಗೆ ಎಂದು ಕೇಳಿದವರ ಮುಂದೆ ನಾನು ಒಂದು ಉದ್ದನೆಯ ಗೆರೆ ಹಾಕಿದ ಪುಸ್ತಕ ಇಡುತ್ತೇನೆ.

ಶನಿವಾರ ನಮ್ಮಲ್ಲಿ ಬಟವಡೆಯ ದಿನ. ಎಲ್ಲರಿಗೂ ಕೂಲಿ ಕೊಟ್ಟು, ಗಿರಣಿ ನಿಂತ ಮೇಲೆ, ಆ ಪುಸ್ತಕ ತೆರೆದು ಒಂದು ತಾಸು ಕೂರುತ್ತೇನೆ. ಎಡಪುಟದಲ್ಲಿ ಮುಂದಿನ ವಾರದ ಅಂದಾಜು: ಯಾವ ಸರಕು ಎಷ್ಟು ಹೋದೀತು, ಯಾರಿಂದ ಎಷ್ಟು ಬರಬೇಕು, ಯಾರಿಗೆ ಎಷ್ಟು ಕೊಡಬೇಕು. ಬಲಪುಟ ಖಾಲಿ. ಅದನ್ನು ತುಂಬುವುದು ಮುಂದಿನ ಶನಿವಾರ, ನಡೆದದ್ದನ್ನು ನಡೆದ ಹಾಗೆ. ಎರಡಕ್ಕೂ ತಾಳೆಯಾಗದ ಸಾಲಿಗೆ ಕೆಂಪು ಗೆರೆ ಎಳೆದು, ಪಕ್ಕದಲ್ಲಿ ಕಾರಣ ಬರೆಯುತ್ತೇನೆ. ಎಡಪುಟದ ಒಂದಂಕಿಯನ್ನೂ ಆಮೇಲೆ ತಿದ್ದಕೂಡದು ಎಂಬುದು ನಾನೇ ಹಾಕಿಕೊಂಡ ನೇಮ. ತಿದ್ದಿದರೆ ಅಂದಾಜು ಎಲ್ಲಿ ತಪ್ಪುತ್ತಿದೆ ಎಂಬುದು ಎಂದಿಗೂ ತಿಳಿಯುವುದಿಲ್ಲ. ಮೊಬೈಲಿನಲ್ಲಿ ಬರೆದಿಡಿ ಎಂದು ಮಗಳು ಹೇಳುತ್ತಾಳೆ. ಲೆಕ್ಕಪತ್ರಕ್ಕೆ ಕಂಪ್ಯೂಟರ್ ಇದೆ, ಆದರೆ ಎರಡು ಪುಟಗಳನ್ನು ಎದುರುಬದುರು ಇಟ್ಟು ನೋಡುವ ಸುಖ ನನಗೆ ಕಾಗದದಲ್ಲೇ ಸಿಗುತ್ತದೆ.

ಕೆಂಪು ಗೆರೆಗಳು ಏನು ಕಲಿಸುತ್ತವೆ ಎನ್ನುವುದಕ್ಕೆ ನಾಗರ ಪಂಚಮಿಯ ಪುಟ ಹೇಳುತ್ತೇನೆ. ಪಂಚಮಿ ಎಂದರೆ ನಮ್ಮ ಕಡೆ ಉಂಡಿಯ ಹಬ್ಬ: ಶೇಂಗಾ ಉಂಡಿ, ಎಳ್ಳುಂಡಿ, ರವೆ ಉಂಡಿ. ಹಬ್ಬದ ವಾರದಲ್ಲೇ ಬೇಡಿಕೆ ಏರುತ್ತದೆ ಎಂದು ಎಡಪುಟ ಹೇಳುತ್ತಿತ್ತು. ಬಲಪುಟ ಬೇರೆಯೇ ಕಥೆ ಹೇಳಿತು. ಊರಿನ ಗಿರಾಕಿ ಹಬ್ಬದ ಮುನ್ನಾದಿನ ಬರುತ್ತಾರೆ, ನಿಜ. ಆದರೆ ಬೆಂಗಳೂರಿನಲ್ಲಿರುವ ಮಗನಿಗೆ, ಪುಣೆಗೆ ಕೊಟ್ಟ ಮಗಳಿಗೆ ಡಬ್ಬಿ ಕಳಿಸುವವರು ವಾರಕ್ಕೂ ಮೊದಲೇ ಕೇಳುತ್ತಾರೆ, ಮತ್ತು ಅವರು ಕೊಳ್ಳುವುದು ಹೆಚ್ಚು. ಅಲ್ಲಿಂದ ನಮ್ಮ ಪಂಚಮಿಯ ತಯಾರಿ ಆಷಾಢಕ್ಕೆ ಸರಿಯಿತು. ಆಷಾಢದಲ್ಲಿ ಮದುವೆಗಳಿಲ್ಲ, ರೊಟ್ಟಿಯ ದೊಡ್ಡ ಆರ್ಡರುಗಳಿಲ್ಲ, ಕೈಗಳು ಖಾಲಿ ಇರುತ್ತವೆ. ಡಬ್ಬಿ, ಲೇಬಲ್, ಎಳ್ಳು ಆರಿಸುವುದು, ಎಲ್ಲವೂ ಆಗ. ಹಾಗೆಂದು ಎಲ್ಲವನ್ನೂ ಮುಂಚೆ ಮಾಡಿಡಲು ಬರುವುದಿಲ್ಲ. ಮಳೆಗಾಲದ ತೇವಕ್ಕೆ ಬೆಲ್ಲ ನೀರೊಡೆಯುತ್ತದೆ, ಹುರಿದ ಶೇಂಗಾ ಬೇಗ ಕಮಟು ಹಿಡಿಯುತ್ತದೆ. ನಮ್ಮಲ್ಲಿ ಮೊದಲಿನಿಂದಲೂ ಇರುವ ಹಿರಿಯ ಹೆಂಗಸೊಬ್ಬರು ಒಂದು ಸಲ ಪುಸ್ತಕದ ಕಡೆ ಕೈ ತೋರಿಸಿ, “ತಂಗೀ, ಡಬ್ಬಿ ಬೇಕಾದರೆ ತಿಂಗಳ ಮೊದಲು ತಂದಿಡು, ಶೇಂಗಾ ಮಾತ್ರ ಕಟ್ಟುವ ಹಿಂದಿನ ದಿನ ಹುರಿ” ಎಂದರು. ಆ ಮಾತನ್ನು ಹಾಗೆಯೇ ಎಡಪುಟದಲ್ಲಿ ಬರೆದುಕೊಂಡೆ. ಈಗ ಪ್ರತಿ ವರ್ಷ ಆ ಸಾಲನ್ನು ಹೊಸ ಪುಸ್ತಕಕ್ಕೆ ಇಳಿಸಿಕೊಳ್ಳುತ್ತೇನೆ.

ವಾರದ ಲೆಕ್ಕದ ಮೇಲೆ ಇನ್ನೊಂದು ಹಾಳೆ ಇದೆ. ಅದರಲ್ಲಿ ಮುಂದಿನ 13 ವಾರಗಳ ಹಣದ ಹರಿವು, ವಾರಕ್ಕೊಂದು ಮನೆ. ಬಾಡಿಗೆ, ಕೂಲಿ, ಕರೆಂಟ್ ಬಿಲ್, ಪ್ರತಿ ತಿಂಗಳ 20ರ ಜಿಎಸ್‌ಟಿ, ಇವು ಮೊದಲೇ ಕೂತಿರುತ್ತವೆ. ಪ್ರತಿ ಶನಿವಾರ ಮುಗಿದ ವಾರವನ್ನು ಹೊಡೆದು ಕೊನೆಗೆ ಹೊಸದೊಂದು ವಾರ ಸೇರಿಸುತ್ತೇನೆ. ಸಣ್ಣ ವ್ಯಾಪಾರ ಸಾಯುವುದು ಬಹಳ ಸಲ ನಷ್ಟದಿಂದಲ್ಲ, ಲಾಭ ಬಾಕಿಯಲ್ಲಿ ಸಿಕ್ಕಿಕೊಂಡು ಕೈಯಲ್ಲಿ ಹಣವಿಲ್ಲದ್ದರಿಂದ ಎಂಬುದು ನನ್ನ ಗಟ್ಟಿ ನಂಬಿಕೆ.

ನಮಗೆ ಆ ಗಂಡಾಂತರದ ಕಾಲ ಮೆಣಸಿನಕಾಯಿ ಖರೀದಿ. ಬ್ಯಾಡಗಿ ಮಾರುಕಟ್ಟೆಗೆ ಜನವರಿಯಿಂದ ಮಾರ್ಚ್‌ವರೆಗೆ ಆವಕ ಜೋರು. ಸೋಮವಾರ ಮತ್ತು ಗುರುವಾರ ಟೆಂಡರ್. ಬ್ಯಾಡಗಿ ಕಾಯಿಯ ಹೆಗ್ಗಳಿಕೆ ಅದರ ಕಡುಗೆಂಪು, ಖಾರ ಕಡಿಮೆ. ಅದಕ್ಕೆ 2011ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆಯೂ ಸಿಕ್ಕಿದೆ. ನಮ್ಮ ಮಸಾಲೆ ಖಾರಕ್ಕೆ ಬಣ್ಣ ಕೊಡುವುದು ಅದೇ, ಕಟುವಿಗೆ ಬೇರೆ ತಳಿ ಬೆರೆಸುತ್ತೇವೆ. ವರ್ಷಕ್ಕೆ ಬೇಕಾದ ಕಾಯಿಯ ದೊಡ್ಡ ಪಾಲನ್ನು ಆ ಮೂರು ತಿಂಗಳಲ್ಲೇ ಕೊಂಡು ಶೀತಲಗೃಹದಲ್ಲಿ ಇಡಬೇಕು. ಹಣ ಫೆಬ್ರವರಿಯಲ್ಲಿ ಹೋಗುತ್ತದೆ, ಖಾರ ಡಿಸೆಂಬರ್‌ವರೆಗೆ ಮಾರುತ್ತದೆ. ಹೀಗಾಗಿ ಶನಿವಾರದ ಪುಸ್ತಕದಲ್ಲಿ ಖರೀದಿಯ ಮೇಲ್ಮಿತಿ ಬರೆದುಕೊಂಡೇ ಸೋಮವಾರ ಬ್ಯಾಡಗಿಗೆ ಹೋಗುತ್ತೇನೆ: ಎಷ್ಟು ಚೀಲ, ಕ್ವಿಂಟಲ್‌ಗೆ ಎಷ್ಟರವರೆಗೆ. ತೊಟ್ಟು ಮುರಿದು, ಕೆಟ್ಟದ್ದನ್ನು ಆರಿಸಿ ತೆಗೆದ ಮೇಲೆ ನೂರು ಕಿಲೋಗೆ ತೊಂಬತ್ತರ ಆಸುಪಾಸು ಉಳಿಯುತ್ತದೆ, ಆ ಕಡಿತವನ್ನೂ ಸೇರಿಸಿಯೇ ದರ ಕಟ್ಟಿರುತ್ತೇನೆ. ರಾಶಿಯ ಮುಂದೆ ನಿಂತಾಗ ಆ ಕೆಂಪು, ಆ ಘಮ, ಎಂಥವರ ಕೈಯನ್ನೂ ಸಡಿಲಗೊಳಿಸುತ್ತದೆ. ಬರೆದ ಅಂಕಿ ಜೇಬಿನಲ್ಲಿದ್ದರೆ ಮನಸ್ಸು ಹತೋಟಿಯಲ್ಲಿರುತ್ತದೆ.

ಆ 13 ವಾರಗಳ ಹಾಳೆ ನನ್ನಿಂದ ಒಮ್ಮೆ ‘ಆಗುವುದಿಲ್ಲ’ ಎಂದೂ ಹೇಳಿಸಿದೆ. ದೊಡ್ಡ ಅಂಗಡಿ ಸರಣಿಯೊಂದು ತನ್ನ ಎಲ್ಲ ಮಳಿಗೆಗಳಿಗೂ ಚಟ್ನಿಪುಡಿ ಕೇಳಿತು, ಹಣ ಮಾತ್ರ 60 ದಿನಗಳ ನಂತರ. ಆ ಆರ್ಡರನ್ನು 13 ಮನೆಗಳಲ್ಲಿ ಹರಡಿ ನೋಡಿದೆ. ಮೆಣಸಿನಕಾಯಿಯ ವಾರಗಳು ಬರುವ ಹೊತ್ತಿಗೆ ಕೈಯಲ್ಲಿ ಕೂಲಿಗೂ ಹಣ ಉಳಿಯುತ್ತಿರಲಿಲ್ಲ. ಉದ್ಯಮ್ ಎಂಬ ಸರ್ಕಾರಿ ನೋಂದಣಿ ಇರುವ ನಮ್ಮಂಥ ಸಣ್ಣ ತಯಾರಕರಿಗೆ 2006ರ ಎಂಎಸ್‌ಎಂಇಡಿ (ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಅಭಿವೃದ್ಧಿ) ಕಾಯ್ದೆಯ ಆಸರೆ ಇದೆ: ಲಿಖಿತ ಒಪ್ಪಂದ ಇದ್ದರೂ ಪಾವತಿಯ ಗಡುವು 45 ದಿನ ಮೀರುವಂತಿಲ್ಲ, ಒಪ್ಪಂದವೇ ಇಲ್ಲದಿದ್ದರೆ 15 ದಿನ. ಆ ನಿಯಮವನ್ನೂ ನಮ್ಮ ಹಾಳೆಯನ್ನೂ ಮುಂದಿಟ್ಟು ಮಾತನಾಡಿದೆ. ಕೊನೆಗೆ ಕೆಲವೇ ಮಳಿಗೆಗಳಿಗೆ, 30 ದಿನಗಳ ವಾಯಿದೆಗೆ ಒಪ್ಪಂದವಾಯಿತು. ಉಳಿದ ಮಳಿಗೆಗಳನ್ನು ಒಂದೊಂದಾಗಿ ಸೇರಿಸುತ್ತ ಹೋದೆವು. ನಮ್ಮ ಬಿಲ್ಲಿನ ಮೇಲೆ ಉದ್ಯಮ್ ಸಂಖ್ಯೆ ದಪ್ಪಕ್ಷರದಲ್ಲಿ ಅಚ್ಚಾಗಿರುತ್ತದೆ; ಸಣ್ಣ ಉದ್ಯಮ ನಡೆಸುವ ಎಲ್ಲರೂ ಇದನ್ನು ಮಾಡಬೇಕು.

ತಿಂಗಳಿಗೊಮ್ಮೆ ಕೆಲಸದವರೆಲ್ಲ ಕೂತು ಮಾತನಾಡುತ್ತೇವೆ, ಚಹಾ ಜೊತೆಗೆ, ಅರ್ಧ ತಾಸು. ಅಲ್ಲಿ ನಾನು ಕೇಳುವುದು ಒಂದನ್ನೇ: ಈ ತಿಂಗಳು ಕೆಲಸ ಎಲ್ಲಿ ನಿಂತುಕೊಂಡಿತು? ಜೋಳದ ಹಿಟ್ಟು ಹಳೆಯದಾದರೆ ಜಿಗಿ ಹೋಗಿ ರೊಟ್ಟಿಯ ಅಂಚು ಬಿರಿಯುತ್ತದೆ, ಒಡೆದ ರೊಟ್ಟಿ ಲೆಕ್ಕದಲ್ಲಿ ನಷ್ಟವೆಂದು ಕಾಣುವ ಎಷ್ಟೋ ಮೊದಲೇ ತಟ್ಟುವವರ ಕೈಗೆ ಅದು ತಿಳಿದಿರುತ್ತದೆ. ಹಿಟ್ಟನ್ನು ವಾರಕ್ಕೆ ಎರಡು ಸಲ ಬೀಸಿಸುವ ಪದ್ಧತಿ ಬಂದದ್ದು ಅಂಥ ಒಂದು ಕೂಟದಿಂದ.

ವರ್ಷದ ಯೋಜನೆ ದೀಪಾವಳಿಯಲ್ಲಿ. ನಮ್ಮ ಕಡೆ ವ್ಯಾಪಾರಸ್ಥರು ಲಕ್ಷ್ಮೀಪೂಜೆಯಲ್ಲಿ ಲೆಕ್ಕದ ಪುಸ್ತಕಗಳನ್ನು ಪೂಜೆಗೆ ಇಡುತ್ತಾರೆ. ಅದರ ಹಿಂದಿನ ವಾರ ಹಳೆಯ ಪುಸ್ತಕದ ಕೆಂಪು ಗೆರೆಗಳನ್ನೆಲ್ಲ ಮತ್ತೆ ಓದುತ್ತೇನೆ. ಮುಂದಿನ ವರ್ಷಕ್ಕೆ ಹೊಸ ಕೆಲಸ ಒಂದೇ ಒಂದು, ಅದಕ್ಕಿಂತ ಹೆಚ್ಚು ಬರೆಯುವುದಿಲ್ಲ. ಹಾಗೆ ಬರೆದು ಪೂರೈಸಿದ್ದರಲ್ಲಿ ರೊಟ್ಟಿ ಯಂತ್ರವೂ ಒಂದು. ಪಿಎಂಎಫ್‌ಎಂಇ ಎಂಬ ಕಿರು ಆಹಾರ ಘಟಕಗಳ ಕೇಂದ್ರ ಯೋಜನೆಯಲ್ಲಿ ಸಹಾಯಧನ ಶೇ 35 ಇತ್ತು, ನಮ್ಮ ರಾಜ್ಯ ಸರ್ಕಾರ ಶೇ 15 ಸೇರಿಸಿ ಅದನ್ನು ಶೇ 50ಕ್ಕೆ ಏರಿಸಿತ್ತು. ಬ್ಯಾಂಕಿನವರು ಯೋಜನಾ ವರದಿಗೆ ತಿಂಗಳವಾರು ಮಾರಾಟದ ಅಂದಾಜು ಕೇಳಿದರು. ನಾನು ಎಡಪುಟಗಳನ್ನು ನಕಲು ಮಾಡಿ ಕೊಟ್ಟೆ, ಜೊತೆಗೆ ಬಲಪುಟಗಳನ್ನೂ.

ಈ ವರ್ಷ ಬರೆದಿರುವುದು ಎರಡನೇ ಗಿರಣಿ. ಅದಕ್ಕೆ ಷರತ್ತನ್ನೂ ಬರೆದಿಟ್ಟಿದ್ದೇನೆ: ಸತತ ನಾಲ್ಕು ವಾರ ಬೀಸುವ ಕೆಲಸ ಸಂಜೆ ಏಳರ ಆಚೆಗೆ ಹೋಗಬೇಕು, ಮತ್ತು ಯಂತ್ರದ ಮುಂಗಡ ಕೊಟ್ಟ ಮೇಲೂ 13 ಮನೆಗಳಲ್ಲಿ ಒಂದೂ ಖಾಲಿಯಾಗಬಾರದು. ಮೊದಲನೆಯದು ಆಗಿದೆ. ಎರಡನೆಯದಕ್ಕೆ ಮೆಣಸಿನಕಾಯಿಯ ಖರೀದಿ ಮುಗಿಯಬೇಕು.